ಪ್ರತಿಯ ಪ್ರತಿ

ಇವತ್ತು ನಕಲು ಮಾಡುವುದಿಲ್ಲ. ಮಾಡಿದರೆ ಕೇಳಿ.

ಹೀಗೆ ತನಗೆ ತಾನೇ ಹೇಳಿಕೊಂಡ ಕುರುಪ್, ಪರದೆಯ ಮೇಲಿದ್ದ ‘ಪ್ರತಿ ಮಾಡಿ’ ಎಂಬಲ್ಲಿಂದ ಬಾಣದ ಗುರುತನ್ನು ಆಚೆ ಸರಿಸಿ ಖಾಲಿ ಕಡತವೊಂದನ್ನು ತೆರೆದ. ತಿರುವನಂತಪುರದ ಆ ಧಾರಾವಾಹಿ ಕಚೇರಿಯಲ್ಲಿ ಖಾಲಿ ಕಡತ ತೆರೆಯುವ ಪದ್ಧತಿಯೇ ಇರಲಿಲ್ಲ. ಹಳೆಯ ಕಂತಿನ ಪ್ರತಿ ಮಾಡಿ, ಹೆಸರು ಬದಲಿಸಿದರೆ ಹೊಸ ಕಂತು ತಯಾರು. ಕಡತಗಳ ಹೆಸರೂ ಹಾಗೇ ಬೆಳೆದಿದ್ದವು: ‘ಪ್ರತಿ’, ‘ಪ್ರತಿಯ ಪ್ರತಿ’, ‘ಪ್ರತಿಯ ಪ್ರತಿಯ ಪ್ರತಿ’.

ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದವನು ಟಿವಿಗೆ ಸಂಭಾಷಣೆ ಬರೆಯುತ್ತಾನೆಂದು ನೆಂಟರಿಷ್ಟರಿಗೆಲ್ಲ ಹೆಮ್ಮೆ. ಅವನು ಬರೆಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆಯೆಂದು ಪಾಪ, ಅವರಿಗೆ ಗೊತ್ತಿರಲಿಲ್ಲ.

ನಿನ್ನೆ ಸಂಜೆಯ ಕಂತಿನಲ್ಲಿ ನಾಯಕಿ ಭಾಮ ಗಂಡನ ಕಾಲು ಹಿಡಿದು, “ವಿನಯೇಟ್ಟಾ, ನನ್ನ ಕ್ಷಮಿಸಿ” ಎಂದು ಅತ್ತಳು. ಗಂಡನ ಹೆಸರು ಸುಗುಣನ್. ವಿನಯೇಟ್ಟ ಅಂದರೆ ವಿನಯನ್, ಹಿಂದಿನ ಧಾರಾವಾಹಿಯ ಗಂಡ. ನಕಲಿನಲ್ಲಿ ಒಂದು ಕಡೆ ಅವನ ಹೆಸರು ಉಳಿದುಹೋಗಿತ್ತು. ನಟಿ ಅದನ್ನೇ ಹೇಳಿದ್ದಳು, ಆಮೇಲೆ ದನಿ ಕೊಟ್ಟವಳೂ ಅದನ್ನೇ ಹೇಳಿದ್ದಳು. ಕುರುಪ್‌ನ ಹೆಂಡತಿ ಸೋಫಾದಲ್ಲಿ ಕೂತು ಕಣ್ಣೊರೆಸಿಕೊಂಡಳು.

“ಯಾರು ಈ ವಿನಯನ್?” ಎಂದು ಕೇಳಿದ.

“ಶ್ಶ್! ಕೇಳೋಕೆ ಬಿಡ್ತೀರಾ ಸ್ವಲ್ಪ?”

ರಾತ್ರಿಯಿಡೀ ಒಂದು ಫೋನೂ ಬರಲಿಲ್ಲ. ಯಾರಾದರೂ ಉಗಿದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಅದಕ್ಕೇ ಇವತ್ತು ಹೊಸದಾಗಿ ಬರೆದ. ಕೆನ್ನೆಗೆ ಹೊಡೆದ ಗಂಡನ ಎದುರು ಭಾಮ ನೆಟ್ಟಗೆ ನಿಂತಿದ್ದಾಳೆ. ಕ್ಷಮೆ ಕೇಳುವುದಿಲ್ಲ. ಎರಡು ಮಾತು ಹೇಳಿ ಹೊಸ್ತಿಲು ದಾಟುತ್ತಾಳೆ. ಬರೆದು ಮುಗಿಸಿದವನು ಮೊದಲಿಂದ ಇನ್ನೊಮ್ಮೆ ಓದಿಕೊಂಡ, ಸಂತೋಷಕ್ಕೆ.

ಕಚೇರಿಯವರೆಲ್ಲ ಹಂಚಿಕೊಳ್ಳುವ ಕಡತದ ಮೇಲ್ತುದಿಯಲ್ಲಿ, ತೆರೆದವರಿಗೆ ಒಂದೊಂದರಂತೆ, ಬಣ್ಣದ ಚುಕ್ಕೆಗಳು ಮೂಡಿದವು. ಕಥಾವಿಭಾಗದ ಮುಖ್ಯಸ್ಥ ಟೋಮಿಚ್ಚನ್, ನಿರ್ದೇಶಕ, ಚಾನೆಲ್‌ನವರು, ಎಲ್ಲರೂ ಓದುತ್ತಿದ್ದಾರೆ. ಸ್ವಲ್ಪ ಹೊತ್ತಿಗೆ ಟೋಮಿಚ್ಚನ್ ತನ್ನ ಗಾಜಿನ ಕೋಣೆಯಿಂದ ಎದ್ದು ಬಂದ.

“ಏನ್ ಮಾಷೇ, ಕ್ರಾಂತಿನಾ?” ಮೇಷ್ಟ್ರೇ ಎಂಬುದನ್ನು ಅವನು ಬೈಗುಳದ ಹಾಗೆ ಹೇಳುತ್ತಿದ್ದ.

“ಹೊಸ ದೃಶ್ಯ.”

“ಹೊಸದನ್ನ ಯಾರ್ ಕೇಳಿದ್ರು? ಅವ್ಳು ಮನೆ ಬಿಟ್ಟು ಹೋದ್ರೆ ನಾಳೆಯಿಂದ ಅಳೋದು ಯಾರು, ನೀವಾ?”

“ಒಂದಕ್ಷರ ಬದಲಾಯ್ಸಲ್ಲ.”

“ಬೇಡ ಬಿಡಿ.”

“ಅಂದ್ರೆ?”

“ಬದಲಾಯ್ಸಬೇಡಿ ಅಂದೆ. ನಿಮ್ಮದು ನಿಮ್ಮ ಹತ್ರಾನೇ ಇರ್ಲಿ. ಚಾಯ ಕುಡೀರಿ, ಆರೋಗುತ್ತೆ.”

ಗೆದ್ದೆ ಎಂದುಕೊಂಡ ಕುರುಪ್. ಚಾಯ ಮುಗಿಯುವಷ್ಟರಲ್ಲಿ ಚುಕ್ಕೆಗಳು ಒಂದೊಂದಾಗಿ ಮಾಯವಾದವು. ಕಡತದಲ್ಲಿ ಅವನೊಬ್ಬನೇ ಉಳಿದ. ಎಲ್ಲರೂ ಪ್ರತಿ ಮಾಡಿಕೊಂಡು ಆ ಪ್ರತಿಯೊಳಗೆ ಹೊರಟುಹೋಗಿದ್ದರು. ಅಲ್ಲಿ ಭಾಮ ಇಷ್ಟು ಹೊತ್ತಿಗೆ ಕಾಲು ಹಿಡಿದಿರುತ್ತಾಳೆ. ಮೂಲವನ್ನು ಯಾರೂ ಮುಟ್ಟಿರಲಿಲ್ಲ. ಅವನಿಗೆ ಮೈ ಉರಿದದ್ದು ಅದಕ್ಕೇ. ಅಳಿಸಿದ್ದರೆ ಜಗಳವಾದರೂ ಆಡಬಹುದಿತ್ತು.

“ನೋಡೇಬಿಡ್ತೀನಿ,” ಎಂದು ಎದ್ದ.

ಶೂಟಿಂಗ್ ಊರಾಚೆಯ ಬಾಡಿಗೆ ಮನೆಯೊಂದರಲ್ಲಿ ನಡೆಯುತ್ತಿತ್ತು. ನಟರಿಗೆ ಮಾತು ಬಾಯಿಪಾಠ ಮಾಡಲು ಪುರಸೊತ್ತೆಲ್ಲಿ? ಕ್ಯಾಮೆರಾದ ಪಕ್ಕ ಒಬ್ಬ ನಿಂತು ಗಟ್ಟಿಯಾಗಿ ಓದುತ್ತಾನೆ, ಅವರು ಅವನ ಹಿಂದೆಯೇ ಹೇಳುತ್ತಾರೆ. ದನಿ ಹೇಗೂ ಆಮೇಲೆ ಇನ್ನೊಬ್ಬರದು.

“ಇವತ್ತು ನಾನು ಓದ್ತೀನಿ,” ಎಂದ ಕುರುಪ್, ತಡೆಯುತ್ತಾರೆಂದು ಎದೆ ಸೆಟೆಸಿ.

“ದೇವರ ಹಾಗೆ ಬಂದ್ರಿ ಚೇಟ್ಟಾ, ಗಂಟಲು ಕಟ್ಟೋಗಿದೆ,” ಎಂದು ಓದುವವನು ಜಾಗ ಬಿಟ್ಟುಕೊಟ್ಟ. ನಿರ್ದೇಶಕ ತಿರುಗಿಯೂ ನೋಡಲಿಲ್ಲ.

ಕುರುಪ್ ಫೋನಿನಲ್ಲಿ ತನ್ನ ಮೂಲ ಕಡತವನ್ನು ತೆರೆದ. ಭಾಮಳ ಪಾತ್ರ ಮಾಡುವ ಆತಿರ ಬಂದು ಗಂಡನ ಎದುರು ನಿಂತಳು. ಕ್ಯಾಮೆರಾ ಓಡಿತು.

“ನಾನು ಕ್ಷಮೆ ಕೇಳಲ್ಲ,” ಎಂದು ಓದಿದ.

“ನಾನು ಕ್ಷಮೆ ಕೇಳಲ್ಲ,” ಎಂದಳು ಆತಿರ. ಎಂದವಳೇ ದಿನದ ರೂಢಿಯಂತೆ ಬಗ್ಗಿ ಗಂಡನ ಕಾಲು ಹಿಡಿದಳು.

“ಹೊಡೆದವನು ನೀನು. ನಾನು ಹೋಗ್ತಿದೀನಿ.”

“ಹೊಡೆದವನು ನೀನು. ನಾನು ಹೋಗ್ತಿದೀನಿ.” ಕಾಲು ಬಿಡಲಿಲ್ಲ. ಕಣ್ಣಿಂದ ಧಾರಾಳವಾಗಿ ನೀರು ಬಂತು. ನಿರ್ದೇಶಕ ಮೆಚ್ಚಿ ಹೆಬ್ಬೆರಳೆತ್ತಿದ.

ಕುರುಪ್‌ಗೆ ತಡೆಯಲಾಗಲಿಲ್ಲ. “ಏಳಮ್ಮಾ! ಏನು ಹೇಳ್ತಿದೀಯ ಗೊತ್ತಾ ನಿನಗೆ?”

“ಏಳಮ್ಮಾ,” ಎಂದಳು ಆತಿರ, ಗಂಡನ ಪಾದಕ್ಕೆ ಹಣೆ ಹಚ್ಚಿ ಬಿಕ್ಕುತ್ತ. “ಏನು ಹೇಳ್ತಿದೀಯ ಗೊತ್ತಾ ನಿನಗೆ?”

“ಎದ್ದು ನಿಲ್ಲು!”

“ಎದ್ದು ನಿಲ್ಲು!”

ಕ್ಯಾಮೆರಾ ಓಡುತ್ತಲೇ ಇತ್ತು. ಕುರುಪ್ ಬಿಡಲಿಲ್ಲ, ಇನ್ನೂ ಗಟ್ಟಿಯಾಗಿ ಕೂಗಿದ. ಅವಳೂ ಅಷ್ಟೇ ಗಟ್ಟಿಯಾಗಿ ಕೂಗಿದಳು, ನೆಲದ ಮೇಲಿಂದ.