ಮೂವತ್ತು ನಿಮಿಷದ ಮಾತುಕತೆ

ನಮ್ಮ ಮನೆಯಲ್ಲಿ ನರ್ಸಿಂಗ್ ಓದಿದವಳು ನಾನೊಬ್ಬಳೇ ಅಲ್ಲ. ಅಕ್ಕ ನನಗಿಂತ ಆರು ವರ್ಷ ಮೊದಲೇ ಓದಿ, ಪಾಸಾಗಿ, ಈಗ ಒಂದು ವಿಮಾ ಕಂಪನಿಯಲ್ಲಿದ್ದಾಳೆ. ಆಸ್ಪತ್ರೆಗಳಿಂದ ಬರುವ ಕಾಗದಗಳನ್ನು ಕಂಪ್ಯೂಟರಿನಲ್ಲಿ ನೋಡಿ, ಯಾವ ರೋಗಿಯ ಅರ್ಜಿಯನ್ನು ಯಾಕೆ ತಿರಸ್ಕರಿಸಬೇಕು ಎಂದು ಬರೆಯುವುದು ಅವಳ ಕೆಲಸ. ತಿರುಗುವ ಕುರ್ಚಿ, ತಣ್ಣನೆಯ ಕೋಣೆ, ಭಾನುವಾರ ರಜ. ನಾಲ್ಕು ವರ್ಷ ರೋಗಿಯ ಆರೈಕೆ ಕಲಿತ ಮಗಳಿಗೆ ರೋಗಿಯ ಮುಖವನ್ನೇ ನೋಡಬೇಕಿಲ್ಲದ ಕೆಲಸ ಸಿಕ್ಕಿತೆಂದು ಅಮ್ಮ ಬಂಧುಬಳಗದ ಎದುರು ಬೀಗುತ್ತಾಳೆ.

ಕಾಲೇಜಿನಲ್ಲೂ ಅದೇ ಲೆಕ್ಕ. ರೋಗಿಯ ಮಂಚದಿಂದ ದೂರ ಹೋದಷ್ಟೂ ದೊಡ್ಡ ಹುದ್ದೆ. ವಾರ್ಡಿನಲ್ಲೇ ಉಳಿದವಳು 'ಅಯ್ಯೋ ಪಾಪ'. ವಾರ್ಡ್ ಬಿಟ್ಟು ಪಾಠ ಮಾಡುವವಳು ಮೇಡಂ. ಪಾಠವನ್ನೂ ಬಿಟ್ಟು, ಪಾಠ ಹೇಗೆ ಮಾಡಬೇಕೆಂದು ಸುತ್ತೋಲೆ ಹೊರಡಿಸುವವಳು ಪ್ರಿನ್ಸಿಪಾಲ್. ಅಕ್ಕ ತನ್ನ ಪಕ್ಕದ ಕುರ್ಚಿಯನ್ನು ನನಗಾಗಿ ಮಾತಾಡಿ ಇಟ್ಟಿದ್ದಳು, ಒಂದನೇ ತಾರೀಖು ಸೇರಬೇಕಿತ್ತು. ನನಗೂ ಆ ಕುರ್ಚಿಗೂ ನಡುವೆ ಉಳಿದಿದ್ದು ಒಂದೇ ಒಂದು ರೆಕಾರ್ಡ್ ಪುಸ್ತಕ. ಅದಕ್ಕೆ ಮೇಡಂ ಸಹಿ ಬಿದ್ದರೆ ಪಾಸು, ಬೀಳದಿದ್ದರೆ ಇನ್ನಾರು ತಿಂಗಳು ಕಾಲೇಜಿನಲ್ಲೇ ಕೊಳೆಯಬೇಕು.

ಆ ರೆಕಾರ್ಡಿನ ಹೆಸರು 'ರೋಗಿಯೊಂದಿಗೆ ಮೂವತ್ತು ನಿಮಿಷದ ಮಾತುಕತೆ'. ಪುಟಕ್ಕೆ ಮೂರು ಕಾಲಂ. ಮೊದಲನೆಯದರಲ್ಲಿ ರೋಗಿ ಹೇಳಿದ್ದು, ಎರಡನೆಯದರಲ್ಲಿ ನಾನು ಹೇಳಿದ್ದು, ಮೂರನೆಯದರಲ್ಲಿ ನಾನು ಬಳಸಿದ ತಂತ್ರ. ಸುಮ್ಮನೆ ಕೂತರೆ ಅದೂ ತಂತ್ರವೇ. 'ಮೌನ' ಎಂದು ಬರೆದರೆ ಎರಡು ಮಾರ್ಕು. ಅಕ್ಕನ ಹಳೆಯ ರೆಕಾರ್ಡು ಮನೆಯಲ್ಲೇ ಇತ್ತು, ಅದನ್ನೇ ನಕಲು ಹೊಡೆಯುವವಳಿದ್ದೆ. ಆದರೆ ಹೋದ ವರ್ಷ ಒಬ್ಬನೇ ರೋಗಿ, ಒಂದೇ ದಿನ, ಬೆಳಗ್ಗೆ ಹತ್ತರಿಂದ ಹತ್ತೂವರೆಯವರೆಗೆ ಹತ್ತೊಂಬತ್ತು ವಿದ್ಯಾರ್ಥಿನಿಯರ ಜೊತೆ ಏಕಾಂತದಲ್ಲಿ ಮನಬಿಚ್ಚಿ ಮಾತಾಡಿದ್ದು ಬಯಲಾಗಿತ್ತು. ಹಾಗಾಗಿ ಈ ವರ್ಷ ರೋಗಿಯ ಸಹಿ ಕಡ್ಡಾಯ.

ಒಪ್ಪಿಸುವ ಕಡೆಯ ದಿನ ಬೆಳಗ್ಗೆ ಕಂಡಕ್ಟರ್ ಅಜ್ಜನ ಹತ್ತಿರ ಹೋದೆ. ಮೂವತ್ತೆರಡು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತನಾದವನು, ಸಕ್ಕರೆ ಕಾಯಿಲೆ ಹೆಚ್ಚಾಗಿ ಸೇರಿದ್ದ. ವಾರ್ಡಿನಲ್ಲಿ ಬೇಸರವಿಲ್ಲದೆ ಮಾತಾಡುವವನು ಅವನೊಬ್ಬನೇ ಎಂದು ಇಡೀ ತರಗತಿಗೆ ಗೊತ್ತಿತ್ತು. ಅವನ ಮಂಚವೂ ನೋಡಲು ಚೆಂದ. ಮೊದಲ ವರ್ಷದ ಹುಡುಗಿಯರಿಗೆ ಹಾಸಿಗೆ ಹಾಸುವ ಪರೀಕ್ಷೆ ಅಲ್ಲೇ ನಡೆಯುತ್ತಿತ್ತು. ಹೊದಿಕೆಯ ಮೂಲೆಗಳನ್ನು ಲಕೋಟೆಯ ಹಾಗೆ ಮಡಚಿ, ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿದ ಮೇಲೆ, ಮೇಡಂ ಬಂದು ಮಾರ್ಕು ಹಾಕುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಒಳಗೆ ಮಲಗಿದವನೂ ಅಲ್ಲಾಡುವಂತಿಲ್ಲ.

"ಬಾಮ್ಮ, ನೀನು ಎಂಟನೆಯವಳು. ಸೀಟಿದೆ, ಕೂತ್ಕೋ," ಎಂದ ಅಜ್ಜ. "ಮೊದಲು ನಿನ್ನ ಪರಿಚಯ ಹೇಳು. ಅದಕ್ಕೊಂದು ಮಾರ್ಕು."

ಹೇಳಿದೆ.

"ಈಗ ಹೇಗನ್ನಿಸ್ತಿದೆ ಅಂತ ಕೇಳು."

"ಹೇಗನ್ನಿಸ್ತಿದೆ ಅಜ್ಜ?"

"ಮನಸ್ಸಿಗೆ ತುಂಬಾ ಬೇಜಾರಮ್ಮ. ಬರ್ಕೊಂಡ್ಯಾ? ಈಗ ನೀನು ಅದನ್ನೇ ತಿರುಗಿಸಿ ಹೇಳ್ಬೇಕು."

"ನಿಮಗೆ ತುಂಬಾ ಬೇಜಾರಾಗಿದೆ ಅಂತೀರಿ."

"ಶಭಾಷ್. ಈಗ ಸುಮ್ನಿರು. ಎರಡು ಮಾರ್ಕು."

ಇಬ್ಬರೂ ಸುಮ್ಮನೆ ಕೂತೆವು. ಬಾಯಿ ಮುಚ್ಚಿದಾಗ ಮೂಗು ಕೆಲಸ ಮಾಡಿತು. ಔಷಧಿಯ ವಾಸನೆಯ ನಡುವೆ ಬೇರೊಂದು ವಾಸನೆ, ಮಂಚದ ಕಾಲುಭಾಗದಿಂದ ಬರುತ್ತಿತ್ತು.

"ಅಜ್ಜ, ಏನೋ ವಾಸನೆ ಬರ್ತಿದೆ."

"ಅದು ನಿಮ್ಮ ಪುಸ್ತಕದಲ್ಲಿಲ್ಲ," ಎಂದ ಅಜ್ಜ. ಆಮೇಲೆ ದನಿ ತಗ್ಗಿಸಿದ. "ನಾಲ್ಕು ದಿನ ಆಯ್ತು. ನನ್ನ ಕಾಲಿಂದೇ ಇರ್ಬೇಕು. ನೋವೇನೂ ಇಲ್ಲ, ಆ ಕಾಲು ಮರಗಟ್ಟಿ ವರ್ಷಗಳೇ ಆಯ್ತು. ನಿನ್ನ ಗೆಳತಿಯರಿಗೆ ಹೇಳ್ದೆ. ಮೊದಲನೇ ಕಾಲಂನಲ್ಲಿ ಬರ್ಕೊಂಡ್ರು."

"ಯಾರೂ ನೋಡ್ಲಿಲ್ವಾ?"

"ಹೊದಿಕೆ ಎತ್ತಿದ್ರೆ ಹಾಸಿಗೆ ಹಾಸೋ ಆ ಚಿಕ್ಕ ಹುಡುಗಿ ಮಾರ್ಕು ಹೋಗುತ್ತಂತೆ. ಪಾಪ, ಎಷ್ಟು ಕಷ್ಟಪಟ್ಟು ಮಡಚ್ತಾಳೆ, ನಾನೂ ಹಾಳು ಮಾಡೋಕೆ ಹೋಗ್ಲಿಲ್ಲ."

ಗಡಿಯಾರ ನೋಡಿದೆ. ಏಳು ನಿಮಿಷವಾಗಿತ್ತು. ಇನ್ನು ಇಪ್ಪತ್ಮೂರು ನಿಮಿಷ ಕೂತರೆ ಸಹಿ, ಸಹಿ ಸಿಕ್ಕರೆ ಕುರ್ಚಿ. ಸುಳ್ಳು ಯಾಕೆ ಹೇಳಲಿ, ಕುರ್ಚಿಯೇ ಕಣ್ಣೆದುರು ಬಂತು. ಕಾಲು ಎಲ್ಲಿಗೂ ಓಡಿಹೋಗುವುದಿಲ್ಲ, ಮುಗಿಸಿಕೊಂಡೇ ನೋಡೋಣ ಎಂದುಕೊಂಡು ಪೆನ್ನಿನ ತುದಿಯನ್ನು ಮುಂದಿನ ಸಾಲಿಗೆ ಒಯ್ದೆ. ಆ ಕ್ಷಣ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಪೆನ್ನು ಬಿಸಾಕಿ ಹೊದಿಕೆಯ ಮೂಲೆ ಕಿತ್ತೆ.

ಬಲಗಾಲಿನ ಕಿರುಬೆರಳು ಪೂರ್ತಿ ಕಪ್ಪಾಗಿತ್ತು, ಕಪ್ಪು ಪಕ್ಕದ ಬೆರಳಿನ ಕಡೆಗೂ ಹೊರಟಿತ್ತು. ಡಾಕ್ಟರನ್ನು ಕರೆಯಲು ಓಡಿದೆ. ಅವರು ನೋಡಿದವರೇ ಆಪರೇಷನ್ ಕೋಣೆಗೆ ಫೋನ್ ಮಾಡಿದರು. ಟ್ರಾಲಿ ತಳ್ಳುವಾಗ ಅಜ್ಜ ನನ್ನ ಕೈ ಹಿಡಿದು, "ನಿನ್ನ ಸಹಿ ಹಾಗೇ ಉಳೀತಲ್ಲಮ್ಮ," ಎಂದ. ಕಿರುಬೆರಳು ಹೋಯಿತು. ಇನ್ನೆರಡು ದಿನ ಬಿಟ್ಟಿದ್ದರೆ ಪಾದವೇ ಹೋಗುತ್ತಿತ್ತು ಎಂದರು ಡಾಕ್ಟರ್.

ಸಂಜೆ ಮೇಡಂ ನನ್ನ ರೆಕಾರ್ಡ್ ತೆರೆದರು. ಅವರು ವಾರ್ಡಿಗೆ ಕಾಲಿಡುವುದು ಮೂಲೆಗಳಿಗೆ ಮಾರ್ಕು ಹಾಕುವುದಕ್ಕೆ ಮಾತ್ರ.

"ಏಳೇ ನಿಮಿಷಾನಾ?"

"ಮೇಡಂ, ಕಾಲು ಕೊಳೀತಿತ್ತು."

"ಕಾಲು ಎರಡನೇ ವರ್ಷದ ಪಾಠ. ನೀನೀಗ ನಾಲ್ಕನೇ ವರ್ಷ. ಇಲ್ಲಿ ಬೇಕಾಗಿರೋದು ಮಾತು." ಮೂರನೇ ಕಾಲಂನಲ್ಲಿ ನಾನು 'ಹೊದಿಕೆ ಎತ್ತಿದೆ' ಎಂದು ಬರೆದಿದ್ದೆ. ಅದರ ಕೆಳಗೆ ಕೆಂಪು ಗೆರೆ ಎಳೆದರು. "ಇಂಥ ತಂತ್ರ ಪಠ್ಯದಲ್ಲಿಲ್ಲ. ಸಾಲದ್ದಕ್ಕೆ ಆ ಹುಡುಗಿಯ ಮೂಲೆ ಬೇರೆ ಕಿತ್ತಿದ್ದೀಯ. ನೋಡು, ರೆಕಾರ್ಡ್ ಅಂದ್ರೆ ಹೀಗಿರ್ಬೇಕು."

ಗೆಳತಿಯೊಬ್ಬಳ ಪುಸ್ತಕ ನನ್ನ ಮುಂದೆ ಹಿಡಿದರು. ರೋಗಿ: ಕಾಲಿನ ಹತ್ತಿರ ವಾಸನೆ ಬರ್ತಿದೆ. ವಿದ್ಯಾರ್ಥಿನಿ: ನಿಮಗೆ ವಾಸನೆ ಬರ್ತಿದೆ ಅಂತೀರಿ. ತಂತ್ರ: ಗಮನವಿಟ್ಟು ಆಲಿಸುವುದು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಪೂರ್ತಿ ಮಾರ್ಕು ಇತ್ತು.

"ಸುಮ್ನೆ ಇಪ್ಪತ್ಮೂರು ನಿಮಿಷ ಕೂರೋಕೆ ನಿನ್ನ ಕೈಲಿ ಆಗ್ಲಿಲ್ವೇನೇ?" ಎಂದು ಅಕ್ಕ ಫೋನಿನಲ್ಲಿ ರೇಗಿದಳು. ಒಂದನೇ ತಾರೀಖು ಕುರ್ಚಿ ಬೇರೆಯವಳ ಪಾಲಾಯಿತು. ಅಮ್ಮ ಎರಡು ದಿನ ಮಾತು ಬಿಟ್ಟಳು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನವೆಲ್ಲ ಏನೂ ಇರಲಿಲ್ಲ, ಕುರ್ಚಿ ಹೋದ ಹೊಟ್ಟೆಯುರಿಯೇ ಹೆಚ್ಚಾಗಿತ್ತು.

ಐದು ತಿಂಗಳ ಮೇಲೆ, ಅದೇ ರೆಕಾರ್ಡಿಗೆ ಮತ್ತೆ ಸಹಿ ಬೇಕಾಗಿದ್ದಾಗ, ಅಜ್ಜ ಹೊರರೋಗಿ ವಿಭಾಗದ ಬೆಂಚಿನಲ್ಲಿ ಸಿಕ್ಕ. ನಾನು ಬಾಯಿ ತೆರೆಯುವ ಮೊದಲೇ ಕಾಲುಚೀಲ ಬಿಚ್ಚಿ, ಎರಡೂ ಕಾಲುಗಳನ್ನು ಸ್ಟೂಲಿನ ಮೇಲೆ ಇಟ್ಟ.

"ನೀನು ಇವನ್ನ ನೋಡು. ಮಾತು ನಾನು ಹೇಳ್ತೀನಿ, ಆಮೇಲೆ ಬರ್ಕೋ."

ಬೆರಳುಗಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ, ತೊಳೆದು ಒರೆಸಿದೆ, ಉಗುರು ಕತ್ತರಿಸಿದೆ. ಅಷ್ಟು ಹೊತ್ತೂ ಅಜ್ಜ, ತನ್ನ ಜೊತೆ ಮಾತು ಬಿಟ್ಟ ಮಗನ ಬಗ್ಗೆ, ಅವನಿಗಾಗಿ ಬಾಗಿಲಲ್ಲಿ ಕಾಯುವ ತನ್ನ ಬಗ್ಗೆ, ಸಾವಿನ ಭಯದ ಬಗ್ಗೆ ಹೇಳಿದ. ನನ್ನ ಕಣ್ಣು ತುಂಬಿ ಬಂತು.

"ಮಗ ಎಲ್ಲಿದ್ದಾನೆ ಅಜ್ಜ?"

"ನನಗೆಲ್ಲಿ ಮಗ? ನಿಮ್ಮ ಮೇಡಂಗೆ ಅಂಥದ್ದು ಬೇಕಲ್ಲಮ್ಮ," ಎಂದು ನಕ್ಕು, ಕಾಲ್ಬೆರಳುಗಳ ಕಡೆ ನೋಡಿದ. "ಅದಿರ್ಲಿ, ಪ್ರಯಾಣಿಕರೆಲ್ಲ ಇದ್ದಾರಾ?"

"ಒಂಬತ್ತೂ ಜನ ಇದ್ದಾರೆ ಅಜ್ಜ."

"ಹಾಗಾದ್ರೆ ರೈಟ್," ಎಂದು ಸಹಿ ಹಾಕಿದ.

ಮೇಡಂ ಓದುತ್ತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇಷ್ಟು ಸಹಜವಾಗಿ ಮಾತಾಡಿದ ರೋಗಿಯನ್ನು ತಾವು ಕಂಡೇ ಇಲ್ಲ ಎಂದರು. ನನ್ನ ರೆಕಾರ್ಡು ಈಗ ಲೈಬ್ರರಿಯ ಗಾಜಿನ ಕಪಾಟಿನಲ್ಲಿ, 'ಮಾದರಿ' ಎಂಬ ಚೀಟಿ ಅಂಟಿಸಿಕೊಂಡು ನಿಂತಿದೆ.

ನಾನು ಅದೇ ವಾರ್ಡಿನಲ್ಲಿ ಕೆಲಸಕ್ಕೆ ಸೇರಿದೆ. ಮಗಳು ಆಸ್ಪತ್ರೆಯ ಆಡಳಿತದಲ್ಲಿದ್ದಾಳೆ ಎಂದು ಅಮ್ಮ ಬಂಧುಗಳಿಗೆ ಹೇಳುತ್ತಾಳೆ. ಈ ವರ್ಷ ಹನ್ನೆರಡು ಹುಡುಗಿಯರು ಬರಿಯ ಸಹಿಗಾಗಿ ರೋಗಿಗಳನ್ನು ಹುಡುಕಿಕೊಂಡು ಬಂದರು. ಮಾತೆಲ್ಲ ಆಗಲೇ ಕಪಾಟಿನ ಮಾದರಿಯಿಂದ ಅವರ ಪುಸ್ತಕಗಳಿಗೆ ಇಳಿದಿತ್ತು, ಹನ್ನೆರಡೂ ರೋಗಿಗಳ ಮಗ ಮಾತು ಬಿಟ್ಟಿದ್ದ. ಸಹಿ ಆಮೇಲೆ, ಮೊದಲು ಹೊದಿಕೆ ಎತ್ತಿ ಕಾಲು ನೋಡಿ ಬನ್ನಿ ಎಂದೆ. ಅವರಲ್ಲಿ ಚುರುಕಾದವಳೊಬ್ಬಳು ಪೆನ್ನಿನ ಮುಚ್ಚಳ ತೆಗೆದು ಕೇಳಿದಳು:

"ಸಿಸ್ಟರ್, ಅದಕ್ಕೆ ಎಷ್ಟು ಮಾರ್ಕು?"