ಎಣ್ಣೆ ಹಚ್ಚಿದ ತಲೆ

ತಂತಿಯ ತುದಿಯ ಪುಟ್ಟ ಬಿಲ್ಲೆ ಮಗುವಿನ ತಲೆಯ ಮೇಲೆ ನಿಲ್ಲದೆ ಮತ್ತೆ ಜಾರಿತು. ಮಿದುಳಿನ ಅಲೆಗಳನ್ನು ದಾಖಲಿಸುವ ಇಇಜಿ ತೆಗೆಯುವಾಕೆ ಬೆರಳು ಮೂಸಿ ನೋಡಿದಳು.

"ಎಣ್ಣೆ ಹಚ್ಚಬೇಡಿ ಅಂತ ಅಷ್ಟು ಸಲ ಹೇಳಿದ್ವಲ್ಲಮ್ಮಾ."

"ಬೆಳಿಗ್ಗೆ ಶಾಂಪೂ ಹಾಕಿ ತೊಳೆದೇ ಕರ್ಕೊಂಡು ಬಂದಿದೀನಿ," ಎಂದ ತಾಯಿ ಥಟ್ಟನೆ ಅತ್ತೆಯ ಕಡೆ ತಿರುಗಿದಳು.

ಅಜ್ಜಿ ತಲೆ ತಗ್ಗಿಸಲಿಲ್ಲ. "ಹೊರಡೋ ಮುಂಚೆ ನಾನೇ ಹಚ್ಚಿದ್ದು. ಬೇಕಂತಲೇ."

ಆರು ತಿಂಗಳ ಕೂಸು. ಕೆಲವು ವಾರಗಳಿಂದ ನಿದ್ದೆಯಿಂದ ಎದ್ದಾಗಲೆಲ್ಲ ಮೈ ಮುದುಡಿ, ಕೈ ಚಾಚಿ, ಬೆಚ್ಚಿಬಿದ್ದಂತೆ ಆಡುತ್ತಿತ್ತು. ಮೂರ್ಛೆರೋಗದಲ್ಲಿ ಇದೂ ಒಂದು ಬಗೆ ಎಂದ ಡಾಕ್ಟರಮ್ಮ ಮಿದುಳಿನ ಸ್ಕ್ಯಾನ್ ಮಾಡಿಸಿದ್ದರು. ಇಇಜಿಯನ್ನೂ ಜೊತೆಗಿಟ್ಟು ನೋಡಿದರೆ ಮಗು ಮುಂದೆ ನಡೆದೀತೇ, ಮಾತಾಡೀತೇ ಎಂದು ತಕ್ಕಮಟ್ಟಿಗೆ ಹೇಳಬಹುದು ಎಂದಿದ್ದರು. ಅಂದಿನಿಂದ ಅಜ್ಜಿಗೆ ಅನ್ನ ಸೇರುತ್ತಿರಲಿಲ್ಲ.

"ಔಷಧಿ ಕೊಡಲಿ, ಬೇಡ ಅನ್ನಲ್ಲ. ಮುಂದಿನ ಮಾತು ಈಗ್ಲೇ ಯಾಕೆ? ಒಂದ್ಸಲ ಕಿವಿಗೆ ಬಿತ್ತು ಅಂದ್ರೆ ಇವನು ಮಗೂನ ನೋಡೋ ಕಣ್ಣೇ ಬೇರೆ ಆಗತ್ತೆ," ಎಂದು ಬಾಗಿಲಲ್ಲಿ ನಿಂತಿದ್ದ ಮಗನತ್ತ ಕೈ ತೋರಿದಳು. "ಗಂಡಸರ ಮನಸ್ಸು ನಂಗೊತ್ತಿಲ್ವಾ?"

ಸೊಸೆಗೂ ಒಳಗೊಳಗೇ ಅದೇ ಭಯವಿತ್ತು. ಆದರೂ ಹೇಳಿದಳು, "ನಂಗೆ ಗೊತ್ತಾಗ್ಬೇಕು ಅತ್ತೆ. ಗೊತ್ತಿಲ್ದೆ ದಿನಾ ಸಾಯೋಕಾಗಲ್ಲ."

ಮತ್ತೆ ತಲೆ ತೊಳೆದರು. ಮಗು ಅತ್ತು ಅತ್ತು ಸುಸ್ತಾಗಿ ನಿದ್ದೆಹೋಯಿತು. ಪರೀಕ್ಷೆಗೆ ನಿದ್ದೆಯೇ ಬೇಕಿತ್ತು.

"ನೋಡಿ ಅಜ್ಜೀ, ನಿಮ್ಮ ಎಣ್ಣೇನೇ ನಮಗೆ ಉಪಕಾರ ಮಾಡ್ತು," ಎಂದಳು ಇಇಜಿಯಾಕೆ. ಯಾರೂ ನಗಲಿಲ್ಲ.

ಮಧ್ಯಾಹ್ನ ಡಾಕ್ಟರಮ್ಮ ಮೂವರನ್ನೂ ಕೂರಿಸಿಕೊಂಡರು. "ಸ್ಕ್ಯಾನ್‌ನಲ್ಲಿ ಮಿದುಳು ಕೆಲವು ಕಡೆ ಸರಿಯಾಗಿ ಬೆಳೆದಿಲ್ಲ ಅಂತ ಕಾಣ್ತಿದೆ. ಇಇಜಿನೂ ಚೆನ್ನಾಗಿಲ್ಲ. ಔಷಧಿಗೆ ಈ ಬೆಚ್ಚೋದು ನಿಲ್ಲಬಹುದು. ಆದ್ರೆ ನಡಿಗೆ ತುಂಬಾ ತಡ ಆಗತ್ತೆ. ಮಾತು ಬರದೇನೂ ಇರಬಹುದು. ಖಂಡಿತಾ ಅಂತಲ್ಲ, ಸಾಧ್ಯತೆ ಹೆಚ್ಚು."

ಸೊಸೆ ಮುಖ ಮುಚ್ಚಿಕೊಂಡು ಅತ್ತಳು. ಗಂಡ ಎದ್ದು ಬಂದು ಅವಳ ತೊಡೆಯಿಂದ ಮಗುವನ್ನು ಎತ್ತಿಕೊಂಡ. ಕೂದಲಿಗೆ ಮೆತ್ತಿದ್ದ ಇಇಜಿಯ ಅಂಟನ್ನು ಉಗುರಿನಿಂದ ಮೆಲ್ಲಗೆ ಬಿಡಿಸುತ್ತಾ, "ಏನೋ ಕಳ್ಳ, ತಲೆಯೆಲ್ಲಾ ಗಲೀಜು ಮಾಡ್ಕೊಂಡಿದೀಯಲ್ಲೋ," ಎಂದ. ಮಾತು ದಿನಾ ಮನೆಯಲ್ಲಿ ಆಡುವಂಥದ್ದೇ. ಸೊಸೆಗೆ ಹೋದ ಜೀವ ಬಂದಂತಾಯಿತು.

"ಹಿಡ್ಕೋಮ್ಮ, ಔಷಧಿ ತರ್ತೀನಿ," ಎಂದು ಅವನು ಮಗುವನ್ನು ತನ್ನ ತಾಯಿಯ ಮುಂದೆ ಚಾಚಿದ.

ಅಜ್ಜಿ ಮಗುವನ್ನೇ, ಯಾರದೋ ಕೂಸೆಂಬಂತೆ, ನೋಡುತ್ತಿದ್ದಳು. ಕೈಗಳು ಮಡಿಲಲ್ಲೇ ಇದ್ದವು.

"ಅಮ್ಮ," ಎಂದ ಅವನು ಮತ್ತೊಮ್ಮೆ. ಚಾಚಿದ ಕೈಗಳ ನಡುವೆ ಮಗು ಗಾಳಿಯಲ್ಲಿ ಕಾಲು ಝಾಡಿಸಿತು.