ತೇಯ್ದು ಕೊಟ್ಟ ಗುಳಿಗೆ

ಸೊಸೆ ಸಂಯುಕ್ತಾ ಸೀವುಡ್ಸ್‌ನ ಔಷಧ ಕಂಪನಿಯ ಆಫೀಸಿನಲ್ಲಿ ಕೂತು, ಗುಳಿಗೆ ಹೊಟ್ಟೆಯಲ್ಲಿ ಹೇಗೆ ಕರಗುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾಳೆ ಎಂದರೆ ರತ್ನಾವತಿಗೆ ನಗು. "ಹೊಟ್ಟೆ ನೋಡದೆ ಎಂತ ಲೆಕ್ಕ ಮಾರಾಯ್ತಿ?" ಗಂಡನ ಜೊತೆ ಠಾಣೆಯಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿದವರಿಗೆ ಹೊಟ್ಟೆಯ ವಿಷಯ ಇನ್ನೊಬ್ಬರು ಕಲಿಸಬೇಕೆ!

೨೦೧೬ರ ಆ ಶುಕ್ರವಾರ ಸಂಯುಕ್ತಾಳ ಮುಂದಿದ್ದದ್ದು ಮಾರ್ಫಿನ್, ಹನ್ನೆರಡು ಗಂಟೆ ನಿಧಾನಕ್ಕೆ ಕರಗುತ್ತಾ ನೋವು ತಡೆಯುವ ಗುಳಿಗೆ. ಮಾವ ಪುಂಡರೀಕಾಕ್ಷರ ಬೆನ್ನುಮೂಳೆಗೆ ಕ್ಯಾನ್ಸರ್ ಹಬ್ಬಿತ್ತು. ಅವರಿಗೂ ಡಾಕ್ಟರು ಇದೇ ಬಗೆಯದನ್ನು ಬರೆದುಕೊಟ್ಟು, ಹೋದ ವಾರ ಡೋಸು ಹೆಚ್ಚಿಸಿದ್ದರು. ಇಡಿಯಾಗಿ ನುಂಗಿದರೆ ರಕ್ತದಲ್ಲಿ ಮದ್ದು ಎಷ್ಟಿದೆಯೆಂದು ತೋರಿಸುವ ಪರದೆಯ ಮೇಲಿನ ಗೆರೆ ಮೆಲ್ಲಗೆ ಏರಿ ಸಂಜೆಯವರೆಗೆ ಹಾಗೇ ನಿಲ್ಲುತ್ತಿತ್ತು. ವರದಿಗೆ ಇನ್ನೊಂದು ಲೆಕ್ಕ ಬಾಕಿ: ಯಾರಾದರೂ ಪುಡಿ ಮಾಡಿ ತಿಂದರೆ? ಗುಂಡಿ ಒತ್ತಿದಳು. ಗೆರೆ ಒಂದೇ ಗಂಟೆಯಲ್ಲಿ ನೆಟ್ಟಗೆ ಮೇಲೆದ್ದು, ಉಸಿರು ಕುಂದುವ ಮಿತಿಯನ್ನೂ ದಾಟಿಹೋಯಿತು. ಯಾವ ಪೆದ್ದ ಹೀಗೆ ಮಾಡುತ್ತಾನೆ ಎಂದುಕೊಂಡು ಚಹಾಕ್ಕೆ ಎದ್ದಳು.

ಅಷ್ಟರಲ್ಲಿ ಠಾಣೆಯ ವರ್ತಕ ನಗರದ ಮನೆಯಿಂದ ಅತ್ತೆಯ ಫೋನು.

"ಇವ್ರಿಗೆ ಗುಳಿಗೆ ಗಂಟಲಲ್ಲಿ ಇಳೀಲೇ ಇಲ್ಲ. ಮಕ್ಕಳಿಗೆ ಬಜೆ ತೇಯುದಿಲ್ವಾ, ಹಾಗೇ ಸಾಣೆಕಲ್ಲಲ್ಲಿ ತೇಯ್ದು ಜೇನಲ್ಲಿ ನೆಕ್ಕಿಸಿದೆ. ಈಗ ಎಂತ ನಿದ್ದೆ ಗೊತ್ತುಂಟಾ! ಗೊರಕೆ ಸಹ ಹೊಡೀತಾರೆ."

ಸಂಯುಕ್ತಾ ಪರದೆಯ ಗೆರೆಯ ಕಡೆ ತಿರುಗಿದಳು. ಪುಡಿ ಮಾಡಬೇಡಿ ಎಂದು ಮನೆಯಲ್ಲಿ ಹೇಳಬೇಕೆಂದು ಅವಳಿಗೆ ಒಂದು ದಿನವೂ ಹೊಳೆದಿರಲಿಲ್ಲ. ಊರಿಗೆಲ್ಲ ವರದಿ ಬರೆಯುವ ಜಾಣೆ!

"ಎಷ್ಟೊತ್ತಾಯ್ತು ಅತ್ತೆ?"

"ಮುಕ್ಕಾಲು ಗಂಟೆ ಆಗಿರ್ಬೇಕು."

ಲೋಕಲ್ ರೈಲು, ರಿಕ್ಷಾ ಸೇರಿ ಮನೆಗೆ ಒಂದೂವರೆ ಗಂಟೆ ಬೇಕು.

"ಮಾವನ್ನ ಎಬ್ಬಿಸಿ. ಅಲ್ಲಾಡ್ಸಿ, ಕೂಗಿ!"

"ಎಬ್ಬಿಸುದಾ? ಹದಿನೈದು ದಿನದಿಂದ ಕಣ್ಣು ಮುಚ್ಚಿರ್ಲಿಲ್ಲ ಪಾಪ. ನಿಂಗೆ ಕರುಣೆ ಇಲ್ವಾ?"

"ಅತ್ತೆ, ಅದು ಉಸಿರು ನಿಲ್ಸಿಬಿಡುತ್ತೆ!"

ಅತ್ತೆಯ ಮೇಲೆ ಅವಳು ಎಂದೂ ಹಾಗೆ ಕಿರುಚಿದವಳಲ್ಲ. ಆಫೀಸೆಲ್ಲ ತಿರುಗಿ ನೋಡಿತು. ಮೇಜಿನ ಮೇಲಿದ್ದ ಇನ್ನೊಂದು ಫೋನಿನಲ್ಲಿ ಆಂಬುಲೆನ್ಸಿನವರಿಗೆ ವಿಳಾಸ ಹೇಳಿದಳು. ಇಪ್ಪತ್ತು ನಿಮಿಷ ಆಗುತ್ತದೆ ಎಂದರು.

ಅತ್ತೆ ಮತ್ತೆ ಫೋನಿಗೆ ಬಂದರು. "ಏಳುದಿಲ್ಲ ಇವ್ರು. ತುಟಿ ನೀಲಿ ಆಗಿದೆ. ನಾನು ಎಂತ ಮಾಡಿದೆ ಸಂಯುಕ್ತಾ?"

"ಎದೆ ಮೇಲೆ ಕೈಯಿಡಿ ಅತ್ತೆ. ಉಸಿರು ಬಂದ ಹಾಗೆಲ್ಲ ಎಣಿಸಿ ಹೇಳಿ."

"ಒಂದು," ಎಂದರು ರತ್ನಾವತಿ.

ಸಂಯುಕ್ತಾ ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದಳು.

"ಎರಡು, ಅತ್ತೆ?"

"ಇನ್ನೂ ಬರ್ಲಿಲ್ಲ ಮಗಾ."